ಹಾಡನ್ನು ತಡೆಯಲು ಯಾವ ಗೇಟು? ಕೊಚ್ಚಿ ರಾಜ್ಯವನ್ನು ಕಲಕಿದ ಪಂಡಿತ್ ಕರುಪ್ಪನ್ ಮತ್ತು ‘ಜಾತಿಕ್ಕುಮ್ಮಿ’ಯ ಕಥೆ

ಕೊಚ್ಚಿ: ಮಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಹೊರಟು ಕಾಸರಗೋಡು, ಕಣ್ಣೂರು, ಕೋಯಿಕ್ಕೋಡ್ ದಾಟಿ ಕೊಚ್ಚಿ ಸೇರುವವರು ಇಡಪ್ಪಳ್ಳಿ ಜಂಕ್ಷನ್‌ಗೆ ಸ್ವಲ್ಪ ಮೊದಲು ಚೇರಾನಲ್ಲೂರು ಎಂಬ ಊರನ್ನು ಹಾದು ಹೋಗುತ್ತಾರೆ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಮಾತ್ರ ಬೋರ್ಡ್ ಕಣ್ಣಿಗೆ ಬೀಳುತ್ತದೆ. ಅಲ್ಲಿಂದಲೇ ವಲ್ಲಾರ್‌ಪಾಡಂ ಕಡೆಗೆ ಹೋಗುವ ಕಂಟೈನರ್ ರೋಡ್ ಸಿಗುತ್ತದೆ. ಸುತ್ತ ಹಿನ್ನೀರು, ದೋಣಿ, ಮೀನುಗಾರರ ಮನೆಗಳು. ಈ ಊರಿನ ಒಬ್ಬ ಹುಡುಗ 19ನೇ ವಯಸ್ಸಿನಲ್ಲಿ ಒಂದು ಹಾಡು ಕಟ್ಟಿದ. ಅದು ಅರಮನೆಗೂ ಹೋಯಿತು, ಗದ್ದೆಗೂ ಹೋಯಿತು. ಹಾಡಿದವರಲ್ಲಿ ಬಹುಪಾಲು ಜನರಿಗೆ ಓದು ಬರಹ ಬರುತ್ತಿರಲಿಲ್ಲ.

ಜಾತಿಯ ಬಗ್ಗೆ ಹಾಡಿದರೆ ಇವತ್ತಿಗೂ ದೂರು ದಾಖಲಾಗುತ್ತದೆ. ಆಲ್ಬಂ ಬಿಡುಗಡೆಯಾದ ಮರುದಿನವೇ ಪರ, ವಿರೋಧದ ಹೇಳಿಕೆಗಳು ಶುರುವಾಗುತ್ತವೆ, ಟಿವಿ ಚರ್ಚೆಗಳು ನಡೆಯುತ್ತವೆ. ಆದರೆ ರೆಕಾರ್ಡಿಂಗ್ ಸ್ಟುಡಿಯೊ, ಯೂಟ್ಯೂಬ್ ಇಲ್ಲದ ಕಾಲದಲ್ಲಿ, ಅರಸರ ಆಳ್ವಿಕೆಯ ಒಂದು ಸಣ್ಣ ರಾಜ್ಯದಲ್ಲಿ ಜನಪದ ಧಾಟಿಯ ಹಾಡೊಂದು ಇಂಥದ್ದೇ ಕಂಪನ ಎಬ್ಬಿಸಿತ್ತು. ಅದರ ಹೆಸರು ‘ಜಾತಿಕ್ಕುಮ್ಮಿ’. ಕಟ್ಟಿದವರು ಪಂಡಿತ್ ಕೆ.ಪಿ. ಕರುಪ್ಪನ್.

ಕೇರಳ ಪಿಎಸ್‌ಸಿ ಪರೀಕ್ಷೆಗೆ ಓದುವವರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಜಾತಿಕ್ಕುಮ್ಮಿ ಬರೆದವರು ಯಾರು ಎಂಬುದು ಅಲ್ಲಿ ಒಂದು ಅಂಕದ ಪ್ರಶ್ನೆ. ಗಡಿಯ ಈಚೆ ನಮಗೆ ನಾರಾಯಣ ಗುರುಗಳು ಗೊತ್ತು, ಅಯ್ಯನ್‌ಕಾಳಿ ಅವರ ಹೆಸರನ್ನೂ ಕೆಲವರು ಕೇಳಿರುತ್ತೇವೆ. ಕರುಪ್ಪನ್ ಮಾತ್ರ ನಮ್ಮ ಕಡೆ ಅಷ್ಟಾಗಿ ಪರಿಚಯವಾಗಲೇ ಇಲ್ಲ.

ಬೆಸ್ತರ ಕೇರಿಯಿಂದ ಅರಮನೆಯ ಪಾಠಶಾಲೆಗೆ

ಕರುಪ್ಪನ್ ಹುಟ್ಟಿದ್ದು 1885ರ ಮೇ 24ರಂದು. ಅವರದು ವಾಲ ಸಮುದಾಯ, ಅಂದರೆ ಹಿನ್ನೀರಿನಲ್ಲಿ ಮೀನು ಹಿಡಿದು, ದೋಣಿ ನಡೆಸಿ ಬದುಕುವವರು. ಇಂದು ಧೀವರ ಎಂಬ ಹೆಸರಿನಲ್ಲಿ ಗುರುತಿಸಿಕೊಳ್ಳುವ, ನಮ್ಮ ಕರಾವಳಿಯ ಮೊಗವೀರರಿಗೆ ಹೋಲಿಸಬಹುದಾದ ಸಮುದಾಯ. ಅರಮನೆಯವರನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗಬೇಕು, ಆದರೆ ಅದೇ ಮನೆಯೊಳಗೆ ಕಾಲಿಡುವಂತಿಲ್ಲ ಎಂಬ ಸ್ಥಿತಿ.

ಹೆಸರಿನ ಹಿಂದೆಯೂ ಒಂದು ಕಥೆ ಇದೆ. ಮನೆಗೆ ಬಂದ ತಮಿಳು ಗೋಸಾಯಿಯೊಬ್ಬರು ಮಗುವನ್ನು ನೋಡಿ, ಇವನು ದೊಡ್ಡ ವಿದ್ವಾಂಸನಾಗುತ್ತಾನೆ ಎಂದು ಹೇಳಿ, ಕಲಿತವನು ಎಂಬ ಅರ್ಥ ಬರುವ ಹೆಸರು ಸೂಚಿಸಿದರಂತೆ. ಅದೇ ಬಾಯಿಂದ ಬಾಯಿಗೆ ಕರುಪ್ಪನ್ ಆಯಿತು ಎನ್ನುತ್ತಾರೆ. ಕರುಪ್ಪು ಎಂದರೆ ತಮಿಳು, ಮಲಯಾಳಂ ಎರಡರಲ್ಲೂ ಕಪ್ಪು. ಹಾಗಾಗಿ ಕೇಳಿದವರಿಗೆ ಮೊದಲು ಹೊಳೆಯುವುದು ಬಣ್ಣವೇ.

ಐದನೇ ವಯಸ್ಸಿಗೆ ಅಕ್ಷರಾಭ್ಯಾಸ. ಮೊದಲ ಗುರು ಅಳೀಕ್ಕಲ್ ವೇಲು ವೈದ್ಯರು. ಹದಿಹರೆಯದಲ್ಲೇ ಪದ್ಯ ಕಟ್ಟಲು ಶುರು ಮಾಡಿದ ಹುಡುಗನಿಗೆ ಸಂಸ್ಕೃತ ಕಲಿಯುವ ಹಂಬಲ. ಕೊಡುಂಗಲ್ಲೂರಿನ ಕೋವಿಲಗಂ, ಅಂದರೆ ಅಲ್ಲಿನ ರಾಜಮನೆತನದ ಅರಮನೆ, ಆಗ ಕಾವ್ಯ ಶಾಸ್ತ್ರಗಳ ದೊಡ್ಡ ಕೇಂದ್ರ. ಇಡೀ ಮಹಾಭಾರತವನ್ನು ಒಬ್ಬರೇ ಮಲಯಾಳಂ ಪದ್ಯಕ್ಕೆ ತಂದ ಕುಂಞಿಕ್ಕುಟ್ಟನ್ ತಂಬುರಾನ್ ಇದ್ದದ್ದು ಅಲ್ಲೇ. ಅದೇ ಅರಮನೆಯ ಕೊಚ್ಚುಣ್ಣಿ ತಂಬುರಾನ್ ಈ ಬೆಸ್ತರ ಹುಡುಗನಿಗೆ ಸಂಸ್ಕೃತ ಹೇಳಿಕೊಟ್ಟರು. ಆ ಕಾಲದ ಕೇರಳವನ್ನು ಬಲ್ಲವರಿಗೆ ಇದು ಎಷ್ಟು ಅಪರೂಪ ಎಂಬುದು ಗೊತ್ತಾಗುತ್ತದೆ. ಮುಟ್ಟಿದರೆ ಮೈಲಿಗೆ ಎಂಬುದು ಎಲ್ಲೆಡೆ ಇದ್ದದ್ದೇ. ಅಲ್ಲಿ ಇಂಥ ಜಾತಿಯವರು ಇಷ್ಟು ಅಡಿ ದೂರ ನಿಲ್ಲಬೇಕು ಎಂಬ ಲೆಕ್ಕವಿತ್ತು. ಗದ್ದೆಯಲ್ಲಿ ದುಡಿಯುವ ಪುಲಯರಿಗೆ ಆ ಅಂತರ ಬಹಳ ಹೆಚ್ಚು. ಸಾರ್ವಜನಿಕ ರಸ್ತೆ ಅವರಿಗಿರಲಿಲ್ಲ.

ಕುಮ್ಮಿ ಎಂದರೇನು, ಅದರಲ್ಲಿ ಏನಿತ್ತು?

ಕೊಡುಂಗಲ್ಲೂರಿನಲ್ಲಿ ಓದುತ್ತಿದ್ದಾಗಲೇ, 1904ರಲ್ಲಿ, ಕರುಪ್ಪನ್ ಜಾತಿಕ್ಕುಮ್ಮಿ ಬರೆದರು. ಕುಮ್ಮಿ ಎಂದರೆ ವೃತ್ತಾಕಾರವಾಗಿ ನಿಂತು, ಚಪ್ಪಾಳೆ ತಟ್ಟುತ್ತಾ, ಹೆಜ್ಜೆ ಹಾಕುತ್ತಾ ಹೆಂಗಸರು ಹಾಡುವ ಹಾಡು. ನಮ್ಮ ಕೋಲಾಟದಲ್ಲಿ ಕೋಲಿನ ಬದಲು ಅಂಗೈ ಇದ್ದರೆ ಹೇಗೋ ಹಾಗೆ. ತಮಿಳುನಾಡು, ಕೇರಳದ ಹಳ್ಳಿಗಳಲ್ಲಿ ಇದಕ್ಕೆ ಪುಸ್ತಕ ಬೇಕಿಲ್ಲ. ಒಬ್ಬರು ಸಾಲು ಎತ್ತಿಕೊಂಡರೆ ಉಳಿದವರು ಸೇರಿಕೊಳ್ಳುತ್ತಾರೆ.

ಸಂಸ್ಕೃತ ಪಂಡಿತನಾಗಲು ಹೊರಟ ಯುವಕ ಈ ಧಾಟಿಯನ್ನು ಆರಿಸಿಕೊಂಡಿದ್ದೇ ದೊಡ್ಡ ಸಂಗತಿ. ಅವರಿಗೆ ಸಂಸ್ಕೃತ ವೃತ್ತಗಳಲ್ಲಿ ಬರೆಯಲು ಬರುತ್ತಿತ್ತು, ಮುಂದೆ ಬರೆದರು ಕೂಡ. ಆದರೆ ಜಾತಿಯ ಮಾತು ಮುಟ್ಟಬೇಕಾದ ಜನ ಶ್ಲೋಕ ಓದುವವರಲ್ಲ ಎಂಬುದು 19ರ ಹುಡುಗನಿಗೆ ಸ್ಪಷ್ಟವಾಗಿತ್ತು.

ಕಥೆ ನಮಗೆ ಗೊತ್ತಿರುವುದೇ. ಶಂಕರಾಚಾರ್ಯರ ಹಾದಿಗೆ ಚಂಡಾಲನೊಬ್ಬ ಅಡ್ಡ ಬರುತ್ತಾನೆ. ಸರಿದು ನಿಲ್ಲು ಎಂದಾಗ, ಸರಿಯಬೇಕಾದದ್ದು ದೇಹವೋ ಆತ್ಮವೋ ಎಂದು ಅವನು ತಿರುಗಿ ಕೇಳುತ್ತಾನೆ. ಬಂದಿದ್ದವನು ಶಿವನೇ ಎಂದು ಕೊನೆಗೆ ಗೊತ್ತಾಗುತ್ತದೆ. ಶಂಕರರ ‘ಮನೀಷಾ ಪಂಚಕ’ದ ಹಿನ್ನೆಲೆಯಾಗಿ ಈ ಕಥೆಯನ್ನು ಕನ್ನಡದ ಹರಿಕಥೆ, ಪ್ರವಚನಗಳಲ್ಲೂ ಕೇಳಿದ್ದೇವೆ.

ಕರುಪ್ಪನ್ ಈ ಕಥೆಯನ್ನೇ ತೆಗೆದುಕೊಂಡು ಅದನ್ನು ಕೇರಳದ ಮಣ್ಣಿಗೆ ತಂದರು. ಅವರ ಹಾಡಿನಲ್ಲಿ ಎದುರಾಗುವುದು ಪರಯ ಜಾತಿಯ ಗಂಡ ಹೆಂಡತಿ, ಅಂದರೆ ವೇಷ ಮರೆಸಿಕೊಂಡ ಶಿವ ಪಾರ್ವತಿ. ವಾದ ವೇದಾಂತದಲ್ಲಿ ಶುರುವಾಗುತ್ತದೆ. ಆದರೆ ಅಲ್ಲಿಗೆ ನಿಲ್ಲುವುದಿಲ್ಲ. ಮನುಷ್ಯನ ಮೈಯೆಲ್ಲ ಒಂದೇ ರಕ್ತ ಮಾಂಸವಾದರೆ ಈ ದೂರ ಎಲ್ಲಿಂದ ಬಂತು, ಬೆಳೆ ಬೆಳೆದವನು ಮೈಲಿಗೆಯಾದರೆ ಬೆಳೆ ಮೈಲಿಗೆ ಅಲ್ಲವೇಕೆ ಎಂಬ ದಾಟಿಯಲ್ಲಿ ದಿನನಿತ್ಯದ ಅವಮಾನಗಳ ಪಟ್ಟಿಯೇ ಬಿಚ್ಚಿಕೊಳ್ಳುತ್ತದೆ. ನಡುನಡುವೆ ಹೆಣ್ಣುಮಕ್ಕಳನ್ನು ಕರೆದು ಹೇಳುವ ಪಲ್ಲವಿ ಬರುತ್ತದೆ. ಹಾಗಾಗಿ ಅದು ಉಪದೇಶದ ಹಾಗೆ ಕೇಳಿಸುವುದಿಲ್ಲ. ಅಂಗಳದಲ್ಲಿ ಕೂತು ಮಾತಾಡಿದಂತಿದೆ.

ಇದರಲ್ಲಿ ಒಂದು ಜಾಣತನವಿದೆ. ಹಾಡನ್ನು ವಿರೋಧಿಸಬೇಕಾದರೆ ಶಂಕರರನ್ನೇ ವಿರೋಧಿಸಬೇಕು. ಶಂಕರರು ಹುಟ್ಟಿದ ಕಾಲಡಿ ಚೇರಾನಲ್ಲೂರಿನಿಂದ ದೂರವೇನೂ ಅಲ್ಲ. ಮೇಲ್ಜಾತಿಯವರು ಯಾವ ಹೆಸರನ್ನು ಹೇಳಿ ಹೆಮ್ಮೆ ಪಡುತ್ತಿದ್ದರೋ ಅದೇ ಹೆಸರನ್ನು ಕರುಪ್ಪನ್ ಸಾಕ್ಷಿಗೆ ಕರೆದಿದ್ದರು.

1912ರಲ್ಲಿ ಇದು ಅಚ್ಚಾಯಿತು. ಅದಕ್ಕೂ ಮೊದಲೇ ಬಾಯಿಂದ ಬಾಯಿಗೆ ಹರಡಿತ್ತು. ಪುಲಯರ ಕೇರಿಗಳಲ್ಲಿ, ಬೆಸ್ತರ ಓಣಿಗಳಲ್ಲಿ ಅಕ್ಷರ ಬಾರದವರೂ ಅದನ್ನು ಬಾಯಿಪಾಠ ಮಾಡಿಕೊಂಡರು. ಜಾತಿಯ ವಿರುದ್ಧ ಮಲಯಾಳಂ ಕಾವ್ಯ ಎಂದ ಕೂಡಲೇ ನೆನಪಾಗುವ ಕುಮಾರನ್ ಆಶಾನರ ‘ದುರವಸ್ಥೆ’ ಮತ್ತು ‘ಚಂಡಾಲಭಿಕ್ಷುಕಿ’ ಬಂದದ್ದು 1922ರಲ್ಲಿ. ಅಂದರೆ ಕರುಪ್ಪನ್ ಹಾಡು ಕಟ್ಟಿದ್ದು ಅದಕ್ಕಿಂತ 18 ವರ್ಷ ಮೊದಲು. ಅಂದಹಾಗೆ, ಆಶಾನ್ ಅವರಿಗೆ ನಮ್ಮ ಬೆಂಗಳೂರಿನ ನಂಟಿದೆ. ತಿರುವನಂತಪುರದವರಾದ ಡಾ. ಪಲ್ಪು ಈಳವ ಜಾತಿಯವರು ಎಂಬ ಕಾರಣಕ್ಕೆ ತಿರುವಾಂಕೂರು ಸರ್ಕಾರ ಕೆಲಸ ಕೊಡದೆ, ಅವರು ಮೈಸೂರು ಸಂಸ್ಥಾನದಲ್ಲಿ ವೈದ್ಯರಾದರು. ಬೆಂಗಳೂರಿನ ಪ್ಲೇಗ್ ಸಮಯದಲ್ಲಿ ಸೇವೆ ಸಲ್ಲಿಸಿದವರು ಅವರು. ಅವರ ನೆರವಿನಿಂದಲೇ ಆಶಾನ್ ಇಲ್ಲಿನ ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನಲ್ಲಿ ಓದಿದರು. ತಮ್ಮದೇ ರಾಜ್ಯದಲ್ಲಿ ಮುಚ್ಚಿದ್ದ ಬಾಗಿಲು ಅವರಿಗೆ ಇಲ್ಲಿ ತೆರೆದಿತ್ತು.

ಕರುಪ್ಪನ್ ಅವರಿಗೆ ಬಾಗಿಲು ತೆರೆದವರು ಬೇರೆಯೇ ಒಬ್ಬರು. ಸ್ವತಃ ಕೊಚ್ಚಿಯ ಮಹಾರಾಜ.

ಅರಸರ ಆಸರೆ, ಶಾಲೆಯಲ್ಲಿ ಪ್ರತಿಭಟನೆ

ಕೊಚ್ಚಿಯ ಅರಸ ರಾಮವರ್ಮ ಕೊಡುಂಗಲ್ಲೂರು ದೇವಸ್ಥಾನಕ್ಕೆ ಬಂದಿದ್ದಾಗ ಯುವ ಕರುಪ್ಪನ್ ಅವರ ಕವಿತ್ವ ಅವರ ಗಮನಕ್ಕೆ ಬಂತು. ಅರಸರು ಅವರ ಮುಂದಿನ ಓದಿಗೆ ವ್ಯವಸ್ಥೆ ಮಾಡಿದರು. ರಾಮ ಪಿಷಾರಡಿ ಅವರಂಥ ವಿದ್ವಾಂಸರ ಬಳಿ ಪಾಠವಾಯಿತು.

ಈ ರಾಮವರ್ಮ ಸಾಮಾನ್ಯರಲ್ಲ. ಶೊರ್ನೂರಿನಿಂದ ಎರ್ನಾಕುಲಂವರೆಗೆ ರೈಲು ಹಳಿ ಹಾಕಿಸಲು ಹಣ ಸಾಲದಾದಾಗ ತೃಪ್ಪೂಣಿತ್ತುರ ದೇವಸ್ಥಾನದ ಆನೆಗಳ ಚಿನ್ನದ ನೆತ್ತಿಪಟ್ಟಗಳನ್ನೇ ಮಾರಿಸಿದವರು. 1902ರಲ್ಲಿ ಎರ್ನಾಕುಲಂಗೆ ರೈಲು ಬಂತು. 1914ರಲ್ಲಿ ತಾವಾಗಿಯೇ ಸಿಂಹಾಸನ ಬಿಟ್ಟುಕೊಟ್ಟರು. ಅದಕ್ಕೇ ರಾಜರ್ಷಿ ಎಂಬ ಹೆಸರು. ದೇವರ ಆಭರಣ ಮಾರಿ ರೈಲು ತರುವಷ್ಟು ಧೈರ್ಯವಿದ್ದ ಅರಸರ ರಾಜ್ಯದಲ್ಲೂ ಪುಲಯರು ಪೇಟೆಯ ರಸ್ತೆಗೆ ಬರುವಂತಿರಲಿಲ್ಲ ಎಂಬುದನ್ನು ಮರೆಯಬಾರದು.

ಕರುಪ್ಪನ್ ಎರ್ನಾಕುಲಂನ ಸೇಂಟ್ ತೆರೇಸಾಸ್ ಕಾನ್ವೆಂಟ್ ಶಾಲೆಯಲ್ಲಿ ಸಂಸ್ಕೃತ ಶಿಕ್ಷಕರಾದರು. ಕ್ರೈಸ್ತ ಸನ್ಯಾಸಿನಿಯರ ಶಾಲೆಯಲ್ಲಿ ಜಾತಿ ಅಡ್ಡ ಬರಲಿಲ್ಲ. ಆನಂತರ ಅರಸರು ಅವರನ್ನು ಸರ್ಕಾರಿ ಹೆಣ್ಣುಮಕ್ಕಳ ಶಾಲೆಗೆ ನೇಮಿಸಿದಾಗ ಗಲಾಟೆ ಶುರುವಾಯಿತು. ಆ ಶಾಲೆಯ ಹೆಸರೇ ಕಾಸ್ಟ್ ಗರ್ಲ್ಸ್ ಹೈಸ್ಕೂಲ್. ಮೇಲ್ಜಾತಿಯ ಹುಡುಗಿಯರಿಗಾಗಿಯೇ ಇದ್ದ ಶಾಲೆ. ತಮ್ಮ ಹೆಣ್ಣುಮಕ್ಕಳಿಗೆ ಬೆಸ್ತನೊಬ್ಬ ದೇವಭಾಷೆ ಕಲಿಸುವುದೇ ಎಂದು ಪೋಷಕರು ಎದ್ದು ನಿಂತರು. ಅರಸರು ಮಣಿಯಲಿಲ್ಲ. ಕರುಪ್ಪನ್ ಪಾಠ ಮಾಡಿದರು.

ಇಲ್ಲಿ ಒಂದು ಇಕ್ಕಟ್ಟನ್ನು ಗಮನಿಸಬೇಕು. ಅವರ ಓದು, ಉದ್ಯೋಗ, ಬಿರುದು ಎಲ್ಲವೂ ಅರಸೊತ್ತಿಗೆಯಿಂದ ಬಂದದ್ದು. ಅವರು ಪ್ರಶ್ನಿಸಬೇಕಾಗಿದ್ದ ವ್ಯವಸ್ಥೆ ನಿಂತಿದ್ದೂ ಅದೇ ಅರಸೊತ್ತಿಗೆಯ ಮೇಲೆ. ಅರಸರನ್ನು ಹೊಗಳುವ ಕಾವ್ಯವನ್ನೂ ಅವರು ಬರೆದಿದ್ದಾರೆ. ಅಯ್ಯನ್‌ಕಾಳಿ ತಿರುವಾಂಕೂರಿನಲ್ಲಿ ನಿಷೇಧಿತ ರಸ್ತೆಯಲ್ಲಿ ಎತ್ತಿನ ಗಾಡಿ ಓಡಿಸಿ ಎದೆಗೆ ಎದೆ ಕೊಟ್ಟು ನಿಂತರು. ಕರುಪ್ಪನ್ ಹಾಗೆ ಮಾಡಲಿಲ್ಲ. ಅವರು ಅಷ್ಟು ಮೃದುವಾದರೇಕೆ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ತಪ್ಪೇನಲ್ಲ. ಆದರೆ 1913ರಲ್ಲಿ ಎರ್ನಾಕುಲಂ ಹಿನ್ನೀರಿನಲ್ಲಿ ನಡೆದದ್ದನ್ನು ನೋಡಿದರೆ ಮೃದು ಎನ್ನಲು ಮನಸ್ಸು ಬರುವುದಿಲ್ಲ.

ನೆಲ ಅರಸರದ್ದು, ನೀರು ಯಾರದ್ದು?

ಕರುಪ್ಪನ್ ಮೊದಲು ಸಂಘಟಿಸಿದ್ದು ತಮ್ಮದೇ ಸಮುದಾಯವನ್ನು. 1912ರಲ್ಲಿ ಕೊಡುಂಗಲ್ಲೂರಿನ ಆನಾಪುಳದಲ್ಲಿ ಕಲ್ಯಾಣದಾಯಿನಿ ಸಭಾ ಹುಟ್ಟಿತು. ಬಳಿಕ ಇಡಕೊಚ್ಚಿ, ತೇವರ, ಕುಂಬಳಂ, ಎಂಗಂಡಿಯೂರು ಹೀಗೆ ನೀರಿನಂಚಿನ ಊರುಗಳಲ್ಲಿ ಒಂದೊಂದು ಸಭಾ. ಮಕ್ಕಳನ್ನು ಶಾಲೆಗೆ ಕಳಿಸಿ, ಕುಡಿತ ಬಿಡಿ, ಮೂಢನಂಬಿಕೆ ಬಿಡಿ, ಒಳಪಂಗಡಗಳ ಜಗಳ ನಿಲ್ಲಿಸಿ ಎಂಬುದು ಅಲ್ಲಿನ ಮಾತು. ಇದು ಆ ಕಾಲದ ಎಲ್ಲ ಸುಧಾರಕರೂ ಮಾಡಿದ ಕೆಲಸ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲೇ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ್ದರು.

ವಿಶೇಷವೆಂದರೆ ಕರುಪ್ಪನ್ ತಮ್ಮ ಜಾತಿಗಷ್ಟೇ ನಿಲ್ಲಲಿಲ್ಲ. ಜಾತಿಯ ಏಣಿಯಲ್ಲಿ ತಮಗಿಂತ ಕೆಳಗೆ ಎನಿಸಿಕೊಂಡಿದ್ದ ಪುಲಯರ ಸಭೆ ನಡೆಯಬೇಕು ಎಂದು ಹೊರಟರು. ಸಭೆ ನಡೆಸುವುದಾದರೂ ಎಲ್ಲಿ? ಪುಲಯರು ಎರ್ನಾಕುಲಂ ಪೇಟೆಗೆ ಬರುವಂತಿಲ್ಲ. ಖಾಸಗಿ ಜಾಗದವರು ಕೊಡುವುದಿಲ್ಲ. ಉಳಿದ ನೆಲವೆಲ್ಲ ಅರಸರದ್ದು, ಅಲ್ಲಿ ಸೇರಿದರೆ ಅಪರಾಧ.

ಆಗ ಹೊಳೆದ ಉಪಾಯ ಬೆಸ್ತರ ಮನೆಯಲ್ಲಿ ಹುಟ್ಟಿದವರಿಗೆ ಮಾತ್ರ ಹೊಳೆಯುವಂಥದ್ದು. ನೆಲದ ಮೇಲೆ ತಾನೇ ನಿಷೇಧ, ನೀರಿನ ಮೇಲೆ ಇಲ್ಲವಲ್ಲ! ಎರ್ನಾಕುಲಂ ಎದುರಿನ ಹಿನ್ನೀರಿನಲ್ಲಿ ದೋಣಿಗಳನ್ನು ತಂದು ಒಂದಕ್ಕೊಂದು ಕಟ್ಟಿ, ಅದರ ಮೇಲೆ ಹಲಗೆ ಹಾಸಿದರು. ಅದೇ ಸಭಾಂಗಣ, ಅದೇ ವೇದಿಕೆ. ಸುತ್ತಲ ದ್ವೀಪಗಳಿಂದ ಪುಲಯರು ತಮ್ಮ ದೋಣಿಗಳಲ್ಲಿ ಬಂದು ಸೇರಿದರು. ಕೃಷ್ಣಾದಿ ಆಶಾನ್, ಕೆ.ಪಿ. ವಳ್ಳೋನ್ ಮುಂತಾದವರು ಇದರ ಹಿಂದೆ ಇದ್ದರು. ಕೇರಳದ ಇತಿಹಾಸದಲ್ಲಿ ಇದನ್ನು ಕಾಯಲ್ ಸಮ್ಮೇಳನ ಎನ್ನುತ್ತಾರೆ. ಅದೇ ವರ್ಷ ಕೊಚ್ಚಿ ಪುಲಯ ಮಹಾಸಭಾ ರೂಪುಗೊಂಡಿತು.

ಇವತ್ತು ಮರೈನ್ ಡ್ರೈವ್‌ನಲ್ಲಿ ಸಂಜೆ ಅಡ್ಡಾಡುವ ಪ್ರವಾಸಿಗರು ಬೋಟ್ ಹತ್ತಿ ಸುತ್ತು ಹಾಕುವುದು ಇದೇ ನೀರಿನ ಮೇಲೆ. ಸೆಲ್ಫಿಗೆ ಹಿನ್ನೆಲೆಯಾಗಿ ಬೋಳ್ಗಾಟ್ಟಿ ದ್ವೀಪ ಕಾಣಿಸುತ್ತದೆ. ಒಂದು ಕಾಲದಲ್ಲಿ ದಡಕ್ಕೆ ಕಾಲಿಡಲು ಬಿಡದ ಜನ ಅಲ್ಲೇ ನೀರಿನ ಮೇಲೆ ನಿಂತು ಸಭೆ ನಡೆಸಿದ್ದರು ಎಂದು ಗೈಡ್‌ಗಳು ಹೇಳಿದರೆ ಕೇಳುವವರು ಇದ್ದಾರು.

ನಾಟಕ, ವಿವಾದ ಮತ್ತು ಒಬ್ಬ ಸಂಪಾದಕ

ರಾಮವರ್ಮ ಮಹಾರಾಜರ ಷಷ್ಟಿಪೂರ್ತಿ ಸಂಭ್ರಮಕ್ಕಾಗಿ ನಾಟಕ ಸ್ಪರ್ಧೆ ಏರ್ಪಟ್ಟಿತ್ತು. ಇಂಥ ಸಂದರ್ಭದಲ್ಲಿ ಎಲ್ಲರೂ ಬರೆಯುವುದು ಹೊಗಳಿಕೆಯನ್ನೇ. ಕರುಪ್ಪನ್ ಬರೆದ ‘ಬಾಲಾಕಲೇಶಂ’ ಅರಸರ ಸಂಭ್ರಮದ ನೆಪದಲ್ಲಿ ಅಸ್ಪೃಶ್ಯತೆಯ ವಿಷಯವನ್ನು ಅವರ ಮುಂದೆಯೇ ಇಟ್ಟಿತು.

ಹಾಡಿಗೆ ಬಾರದ ಕೋಪ ನಾಟಕಕ್ಕೆ ಬಂತು. ಕುಮ್ಮಿ ಹಾಡುವವರು ಹಾಡಿಕೊಳ್ಳಲಿ ಎಂದು ಸುಮ್ಮನಿದ್ದ ಪಂಡಿತರಿಗೆ, ಬೆಸ್ತರವನು ಸಂಸ್ಕೃತ ನಾಟಕದ ಶೈಲಿಯಲ್ಲಿ ಬರೆದದ್ದು ಸಹಿಸಲಿಲ್ಲ. ತಮ್ಮ ಅಂಗಳಕ್ಕೇ ಬಂದ ಎಂಬ ಸಿಟ್ಟು.

ಟೀಕೆ ಮಾಡಿದವರಲ್ಲಿ ಮುಖ್ಯವಾದ ಹೆಸರು ತಿರುವನಂತಪುರದ ಪತ್ರಿಕೋದ್ಯಮದ ಇತಿಹಾಸದಲ್ಲಿ ದೊಡ್ಡದು: ಸ್ವದೇಶಾಭಿಮಾನಿ ಕೆ. ರಾಮಕೃಷ್ಣ ಪಿಳ್ಳೈ. ವಕ್ಕಂ ಅಬ್ದುಲ್ ಖಾದರ್ ಮೌಲವಿ ಅವರ ಒಡೆತನದ ‘ಸ್ವದೇಶಾಭಿಮಾನಿ’ ಪತ್ರಿಕೆಯ ಸಂಪಾದಕರಾಗಿ ಅವರು ತಿರುವಾಂಕೂರು ದಿವಾನ ಪಿ. ರಾಜಗೋಪಾಲಾಚಾರಿ ಅವರ ಆಡಳಿತವನ್ನು ಬಿಡದೆ ಬಯಲಿಗೆಳೆದರು. 1910ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅವರ ಪ್ರೆಸ್ ಮುಟ್ಟುಗೋಲು ಹಾಕಿಕೊಂಡು, ಅವರನ್ನು ರಾಜ್ಯದಿಂದಲೇ ಗಡೀಪಾರು ಮಾಡಿತು. 1912ರಲ್ಲಿ ಕಾರ್ಲ್ ಮಾರ್ಕ್ಸ್ ಅವರ ಜೀವನಚರಿತ್ರೆಯನ್ನು ಮಲಯಾಳಂನಲ್ಲಿ ಬರೆದವರೂ ಇವರೇ. ಪತ್ರಿಕಾ ಸ್ವಾತಂತ್ರ್ಯದ ಪಾಠ ಹೇಳುವಾಗ ಈ ಹೆಸರು ಬಾರದೆ ಇರುವುದಿಲ್ಲ.

ಅಂಥ ಪಿಳ್ಳೈ ಕರುಪ್ಪನ್ ಅವರ ನಾಟಕವನ್ನು ಗೇಲಿ ಮಾಡಿದರು. ಹೆಸರಿನ ಮೊದಲ ಅಕ್ಷರ ‘ಬಾ’ ತೆಗೆದು ‘ವಾ’ ಹಾಕಿ ‘ವಾಲಾಕಲೇಶಂ’ ಎಂದರು. ವಾಲ ಎಂಬುದು ಕರುಪ್ಪನ್ ಅವರ ಜಾತಿಯ ಹೆಸರು. ನಾಟಕ ಹೇಗಿದೆ ಎಂಬ ಮಾತಿಗಿಂತ ಬರೆದವನು ಯಾರು ಎಂಬುದೇ ಮುಂದೆ ಬಂತು. ಇದು ಬಾಯಿ ತಪ್ಪಿ ಬಂದ ಮಾತೂ ಅಲ್ಲ. ತಿರುವಾಂಕೂರಿನಲ್ಲಿ ಪುಲಯ ಮಕ್ಕಳನ್ನು ಎಲ್ಲರ ಜೊತೆ ಶಾಲೆಯಲ್ಲಿ ಕೂರಿಸುವ ಪ್ರಶ್ನೆ ಬಂದಾಗಲೂ ಇದೇ ಸಂಪಾದಕರು ಅದರ ವಿರುದ್ಧ ಬರೆದಿದ್ದರು. ತಲೆಮಾರುಗಳಿಂದ ಓದಿದವರ ಮಕ್ಕಳನ್ನೂ ಗದ್ದೆ ಉತ್ತವರ ಮಕ್ಕಳನ್ನೂ ಒಟ್ಟಿಗೆ ಕೂರಿಸಬಾರದು ಎಂಬುದು ಅವರ ವಾದದ ಸಾರ.

ಪತ್ರಿಕೋದ್ಯಮ ಓದಿದವರಿಗೆ ಇದು ಕಸಿವಿಸಿಯ ಸಂಗತಿ. ದಿವಾನರಿಗೆ ಹೆದರದ ಲೇಖನಿ ಮತ್ತು ಬೆಸ್ತರ ಹುಡುಗನ ಜಾತಿ ಎತ್ತಿ ಆಡಿದ ಲೇಖನಿ ಒಂದೇ. ತರಗತಿಯಲ್ಲಿ ಮೊದಲನೆಯದನ್ನು ಮಾತ್ರ ಹೇಳಿಕೊಡುತ್ತಾರೆ. ಎರಡನ್ನೂ ಹೇಳಿದರೆ ಪಿಳ್ಳೈ ಅವರ ಧೈರ್ಯ ಸುಳ್ಳಾಗುವುದಿಲ್ಲ, ಕರುಪ್ಪನ್ ಎದುರಿಸಿದ್ದು ಏನು ಎಂಬುದು ಅರ್ಥವಾಗುತ್ತದೆ. ಅವರ ಎದುರಿಗಿದ್ದವರು ಹಳೆಯ ಕಾಲದ ಪುರೋಹಿತರಷ್ಟೇ ಆಗಿರಲಿಲ್ಲ. ಹೊಸ ಕಾಲದ ಪ್ರಗತಿಪರರೂ ಇದ್ದರು.

ಇದೇ ಹೊತ್ತಿನಲ್ಲಿ, 1913ರಲ್ಲಿ, ತಿರುವಾಂಕೂರಿನ ಸಾಹಿತ್ಯ ಲೋಕದ ಹಿರಿಯ, ಕೇರಳ ಕಾಳಿದಾಸ ಎನಿಸಿದ್ದ ಕೇರಳವರ್ಮ ವಲಿಯ ಕೋಯಿತ್ತಂಬುರಾನ್ ಅವರು ಕರುಪ್ಪನ್ ಅವರಿಗೆ ವಿದ್ವಾನ್ ಬಿರುದು ಕೊಟ್ಟರು. ಮುಂದೆ ಕೊಚ್ಚಿ ಅರಮನೆಯಿಂದ ಕವಿತಿಲಕನ್, ಸಾಹಿತ್ಯನಿಪುಣನ್ ಎಂಬ ಬಿರುದುಗಳೂ ಬಂದವು. ರಾಜಮನೆತನದ ಕವಿ ಮೆಚ್ಚಿದ್ದು, ಅರಸೊತ್ತಿಗೆಯ ವಿರೋಧಿ ಹೀಗಳೆದದ್ದು. ಯಾರು ಯಾವ ಕಡೆ ಎಂದು ಸುಲಭವಾಗಿ ಗೆರೆ ಎಳೆಯಲು ಬರುವುದಿಲ್ಲ.

ವಸ್ತುಪ್ರದರ್ಶನಕ್ಕೆ ಬಾರದ ರೈತರು

ಜೋಸೆಫ್ ಭೋರೆ ಕೊಚ್ಚಿಯ ದಿವಾನರಾಗಿದ್ದ ಕಾಲ. ಇವರೇ ಮುಂದೆ ದೇಶದ ಆರೋಗ್ಯ ವ್ಯವಸ್ಥೆಗೆ ನಕ್ಷೆ ಹಾಕಿಕೊಟ್ಟ 1946ರ ಭೋರೆ ಸಮಿತಿಯ ಅಧ್ಯಕ್ಷರು. ಎರ್ನಾಕುಲಂನಲ್ಲಿ ಕೃಷಿ ವಸ್ತುಪ್ರದರ್ಶನ ನಡೆಯಿತು. ಭತ್ತ, ತೆಂಗು, ಬಾಳೆ, ಗೆಡ್ಡೆ ಗೆಣಸು ಎಲ್ಲವನ್ನೂ ಸಾಲಾಗಿ ಇಟ್ಟಿದ್ದರು. ಇವನ್ನೆಲ್ಲ ಬೆಳೆದ ಪುಲಯರಿಗೆ ಮಾತ್ರ ಒಳಗೆ ಬರಲು ಅವಕಾಶವಿರಲಿಲ್ಲ.

ಕರುಪ್ಪನ್ ಇದನ್ನು ದಿವಾನರ ಮುಂದೆ ಎತ್ತಿದರು. ಬೆಳೆದವರೇ ಹೊರಗಿದ್ದಾರೆ ಎಂದು ತಿಳಿಸಿದರು. ದಿವಾನರು ಅನುಮತಿ ಕೊಟ್ಟರು. ಪುಲಯರು ಎರ್ನಾಕುಲಂ ಪೇಟೆಗೆ ಬಂದದ್ದು ಹೀಗೆ. ಕೆಲವು ವರ್ಷಗಳ ಹಿಂದೆ ದಡಕ್ಕೆ ಕಾಲಿಡಲಾಗದೆ ದೋಣಿಯಲ್ಲಿ ಸಭೆ ಸೇರಿದ್ದ ಜನ ಈಗ ರಸ್ತೆಯಲ್ಲಿ ನಡೆದು ಬಂದರು. ತಾವು ಬೆಳೆದ ಬೆಳೆಯನ್ನು ಬೇರೆಯವರ ಜೊತೆ ನಿಂತು ನೋಡಿದರು. ಕಾಯಲ್ ಸಮ್ಮೇಳನದಷ್ಟು ಪ್ರಸಿದ್ಧವಾಗದ ಈ ಘಟನೆ ಅದಕ್ಕಿಂತ ಕಡಿಮೆಯದೇನೂ ಅಲ್ಲ.

ಕರುಪ್ಪನ್ ಅವರ ದಾರಿ ಇದೇ ಆಗಿತ್ತು. ಅಧಿಕಾರದಲ್ಲಿ ಇರುವವರ ಮುಂದೆ, ಅವರು ಇಲ್ಲ ಎನ್ನಲಾಗದ ಹೊತ್ತು ನೋಡಿ, ವಿಷಯ ಇಡುವುದು. ಹಾಡಿನಲ್ಲಿ ಶಂಕರರನ್ನು ಮುಂದಿಟ್ಟದ್ದೂ ಇದೇ ರೀತಿ.

ಶಾಸಕಾಂಗದ ಕುರ್ಚಿ, ತೋಟದ ಔತಣ

1918ರಲ್ಲಿ ತ್ರಿಶೂರಿನ ಶಾಲೆಗೆ ವರ್ಗವಾಗಿ, 1921ರಲ್ಲಿ ಮತ್ತೆ ಎರ್ನಾಕುಲಂಗೆ ಬಂದರು. 1925ರಲ್ಲಿ ಕೊಚ್ಚಿ ಲೆಜಿಸ್ಲೇಟಿವ್ ಕೌನ್ಸಿಲ್‌ಗೆ ದಮನಿತ ವರ್ಗಗಳ ಪ್ರತಿನಿಧಿಯಾಗಿ ನಾಮಕರಣಗೊಂಡರು. ಮಗ್ಗುಲಿನ ವೈಕಂನಲ್ಲಿ ದೇವಸ್ಥಾನದ ಸುತ್ತಲಿನ ರಸ್ತೆಗಾಗಿ ಸತ್ಯಾಗ್ರಹ ನಡೆದಿದ್ದ ಕಾಲವದು.

ಕೌನ್ಸಿಲ್‌ನಲ್ಲಿ ಕರುಪ್ಪನ್ ಕೇಳಿದ್ದು ಶಾಲೆ, ಶುಲ್ಕ ವಿನಾಯಿತಿ, ವಿದ್ಯಾರ್ಥಿವೇತನ, ಮನೆ ಕಟ್ಟಲು ಜಾಗ, ಕುಡಿಯುವ ನೀರು. ಇವಕ್ಕಾಗಿಯೇ ಪ್ರತ್ಯೇಕ ಇಲಾಖೆ ಬೇಕು ಎಂದು ಪಟ್ಟು ಹಿಡಿದರು. ಸರ್ಕಾರ ಇಲಾಖೆ ತೆರೆಯಿತು. ಅದರ ಮುಖ್ಯಸ್ಥರ ಹುದ್ದೆಗೆ ಪ್ರೊಟೆಕ್ಟರ್ ಎಂದು ಹೆಸರು. ಶಿಕ್ಷಣ ಇಲಾಖೆಯ ನಿರ್ದೇಶಕರೇ ಆ ಹುದ್ದೆಯನ್ನೂ ನೋಡಿಕೊಂಡರು, ಕರುಪ್ಪನ್ ಅಸಿಸ್ಟೆಂಟ್ ಪ್ರೊಟೆಕ್ಟರ್ ಆದರು. ಕೇಳಿದವರಿಗೆ ಸಿಕ್ಕಿದ್ದು ಎರಡನೇ ಕುರ್ಚಿ. ಆದರೆ ಓಡಾಡಿ ಕೆಲಸ ಮಾಡಿದ್ದು ಆ ಎರಡನೇ ಕುರ್ಚಿಯೇ. ಅವರ ನಂತರ ಅದೇ ಕೌನ್ಸಿಲ್‌ನಲ್ಲಿ ಪುಲಯ ಸಮುದಾಯದ ಪಿ.ಸಿ. ಚಾಂಚನ್, ಕೆ.ಪಿ. ವಳ್ಳೋನ್ ಅವರೇ ಸದಸ್ಯರಾಗಿ ಕೂತರು. ಬೇರೆಯವರು ತಮ್ಮ ಪರವಾಗಿ ಮಾತಾಡುವ ಅಗತ್ಯ ಆಗ ಇರಲಿಲ್ಲ.

ಸದಸ್ಯತ್ವವೇನೋ ಸಿಕ್ಕಿತು, ಊಟಕ್ಕೆ ಮಾತ್ರ ಕರೆಯಲಿಲ್ಲ. ಅರಮನೆಯ ಕಡೆಯಿಂದ ಏರ್ಪಟ್ಟ ಉದ್ಯಾನದ ಔತಣಕೂಟಕ್ಕೆ ಕೌನ್ಸಿಲ್ ಸದಸ್ಯರಾಗಿದ್ದೂ ಕರುಪ್ಪನ್ ಅವರಿಗೆ ಆಹ್ವಾನ ಬರಲಿಲ್ಲ. ಬಿರುದು ಕೊಟ್ಟ ಅರಮನೆಯೇ ಎಲೆ ಹಾಕಲು ಹಿಂಜರಿದಿತ್ತು. ಕರುಪ್ಪನ್ ಇದನ್ನು ನುಂಗಿಕೊಂಡು ಕೂರಲಿಲ್ಲ. ‘ಉದ್ಯಾನವಿರುನ್ನ್’ ಎಂಬ ಕವಿತೆ ಬರೆದರು. ಉದ್ಯಾನದ ಔತಣ ಎಂಬುದೇ ಅದರ ಅರ್ಥ. 19ನೇ ವಯಸ್ಸಿನಲ್ಲಿ ಬೇರೆಯವರ ನೋವನ್ನು ಹಾಡಾಗಿಸಿದವರು ಈಗ ತಮ್ಮದನ್ನೇ ಬರೆಯಬೇಕಾಯಿತು. ಅರಸರ ಆಸರೆಯಲ್ಲಿ ಬೆಳೆದವರು ಅರಮನೆಯ ಹೆಸರೆತ್ತಿ ಹೀಗೆ ಬರೆಯುವುದು ಸಣ್ಣ ಮಾತಲ್ಲ. ಅವರನ್ನು ಮೃದು ಎನ್ನುವವರು ಈ ಕವಿತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೊನೆಯ ವರ್ಷಗಳು

1935ರಲ್ಲಿ ಎರ್ನಾಕುಲಂನ ಮಹಾರಾಜಾಸ್ ಕಾಲೇಜಿನಲ್ಲಿ ಉಪನ್ಯಾಸಕರಾದರು. ಮರುವರ್ಷ, 1936ರ ನವೆಂಬರ್ 12ರಂದು, ತಿರುವನಂತಪುರದಿಂದ ದೊಡ್ಡ ಸುದ್ದಿ ಬಂತು. ತಿರುವಾಂಕೂರು ಅರಸರು ದೇವಸ್ಥಾನಗಳನ್ನು ಎಲ್ಲ ಹಿಂದೂಗಳಿಗೂ ತೆರೆದಿದ್ದರು. ಪಕ್ಕದ ಕೊಚ್ಚಿ ಮಾತ್ರ ಬಾಗಿಲು ಮುಚ್ಚಿಯೇ ಇಟ್ಟಿತು. ಅದು ತೆರೆಯಲು ದೇಶಕ್ಕೆ ಸ್ವಾತಂತ್ರ್ಯ ಬರಬೇಕಾಯಿತು.

ಅಷ್ಟು ಕಾಯಲು ಕರುಪ್ಪನ್ ಇರಲಿಲ್ಲ. ಶ್ವಾಸಕೋಶದ ಹೊದಿಕೆಗೆ ಬಂದ ಉರಿಯೂತದಿಂದ 1938ರ ಮಾರ್ಚ್ 23ರಂದು ತೀರಿಕೊಂಡರು. ವಯಸ್ಸು ಇನ್ನೂ 53 ತುಂಬಿರಲಿಲ್ಲ. ಸಂಸ್ಕೃತ ಕಲಿಸಿದರು, ನಾಟಕ ಬರೆದರು, ಕೌನ್ಸಿಲ್‌ನಲ್ಲಿ ವಾದಿಸಿದರು, ಆದರೆ ತಮ್ಮ ರಾಜ್ಯದ ದೇವಸ್ಥಾನದ ಬಾಗಿಲು ತೆರೆದುದನ್ನು ನೋಡಲಿಲ್ಲ.

ಅವರನ್ನು ಕೇರಳದ ಲಿಂಕನ್ ಎಂದು ಕರೆಯುವುದುಂಟು. ಹೋಲಿಕೆ ಅಷ್ಟು ಹೊಂದುವುದಿಲ್ಲ ಅನಿಸುತ್ತದೆ. ಲಿಂಕನ್ ಕೈಯಲ್ಲಿ ಅಧಿಕಾರವಿತ್ತು, ಸೈನ್ಯವಿತ್ತು. ಕರುಪ್ಪನ್ ಬಳಿ ಇದ್ದದ್ದು ದೋಣಿಗಳು ಮತ್ತು ಚಪ್ಪಾಳೆಯ ತಾಳಕ್ಕೆ ಕಟ್ಟಿದ ಹಾಡು.

ಎರ್ನಾಕುಲಂನ ತೇವರದಲ್ಲಿ ಈಗ ಒಂದು ರಸ್ತೆಗೆ ಪಂಡಿತ್ ಕರುಪ್ಪನ್ ರೋಡ್ ಎಂದು ಹೆಸರಿದೆ. ಬಸ್ಸು, ಆಟೊ, ಕಾಲೇಜು ಹುಡುಗ ಹುಡುಗಿಯರು ದಿನವಿಡೀ ಓಡಾಡುತ್ತಾರೆ. ಯಾರು ಯಾವ ಜಾತಿ, ಎಷ್ಟು ಅಡಿ ದೂರ ಎಂದು ಯಾರೂ ಕೇಳುವುದಿಲ್ಲ.